ಆಮೆ ಕೇರಿಯಲ್ಲಿ ಕೆಂಪು ಹಳದಿ ಛತ್ರಿ

ಮೇ 11, ಸೋಮವಾರ

ಮಿಲಾನಿನಿಂದ ಪಾರ್ಸೆಲ್ ಬಂತು. ಬಿಚ್ಚಿದ ಮೇಲೆ ಅರ್ಧ ಮಾತ್ರೆ ನುಂಗಬೇಕಾಯಿತು.

ಒಳಗೆ ಛತ್ರಿ. ಹೊಸದು, ದೊಡ್ಡದು. ಒಂದು ಪಟ್ಟೆ ಕೆಂಪು, ಒಂದು ಪಟ್ಟೆ ಹಳದಿ, ಸುತ್ತ ಅಂಚಿಗೆ ನೀಲಿ. ಅಂಚಿಗೆ ನೀಲಿ ಬೇರೆ! ಬೇಕೆಂದೇ ಮಾಡಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ. ಅದು ಬಸವನಹುಳು ಕೇರಿಯ ಬಾವುಟ ಎಂದು ಸಿಯೆನಾದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಈ ಊರಿನ ಒಂದೊಂದು ಕೇರಿಗೂ ಒಂದು ಗುರುತು, ಒಂದು ಬಾವುಟ; ನಾನು ಅವರ ಶತ್ರು, ಆಮೆ ಕೇರಿಯವನು. ನಮ್ಮದು ಹಳದಿ ಮತ್ತು ನೀಲಿ. ನಮ್ಮಪ್ಪ ಕೊನೆಗಾಲದಲ್ಲಿ, ಹಳದಿ ಗೋಡೆಯ ಕೋಣೆಯಲ್ಲಿ ಕೆಂಪು ಕಂಬಳಿ ಹೊದ್ದು ಮಲಗಲು ಒಪ್ಪದೆ, ನಡುಗುತ್ತಲೇ ಪ್ರಾಣ ಬಿಟ್ಟ ಮನುಷ್ಯ.

ಊರು ತೋರಿಸುವ ಕಾಲ್ನಡಿಗೆ ಪ್ರವಾಸದಲ್ಲಿ ನಾನು ಬಾಲ. ಮುಂದೆ ಜಿನೆವ್ರಾ ಮೇಡಂ ಮೈಕಿನಲ್ಲಿ ಮಾತಾಡುತ್ತ ಹೋಗುತ್ತಾರೆ. ಅವರು ಓದಿದವರು, ಪರವಾನಗಿ ಇರುವವರು, ಫ್ಲಾರೆನ್ಸಿನವರು. (ಸಿಯೆನಾವನ್ನು ಅದರ ಹಳೆಯ ವೈರಿ ಫ್ಲಾರೆನ್ಸಿನವರು ತೋರಿಸುವುದು. ಅದನ್ನೂ ಸಹಿಸಿಕೊಂಡಿದ್ದೇನೆ.) ಹಿಂದೆ ನಾನು ಛತ್ರಿ ಎತ್ತಿ ಹಿಡಿದು ಬರಬೇಕು, ಯಾರೂ ಗಲ್ಲಿಗಳಲ್ಲಿ ಕಳೆದುಹೋಗಬಾರದು. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಬೇರೆ ಎಲ್ಲಿದೆ?

ಮಿಲಾನಿನ ಮಾಲೀಕರಿಗೆ ಫೋನ್ ಮಾಡಿದೆ.

"ಬಣ್ಣ ಅಂದ್ರೆ ಬಣ್ಣ ರೀ ನೇದೊ. ದೂರದಿಂದ ಕಾಣ್ಬೇಕು, ಅಷ್ಟೇ."

"ದೂರದಿಂದ ಕಾಣುತ್ತೆ ಅನ್ನೋದೇ ತೊಂದ್ರೆ ಸಾರ್."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸುದ್ದಿಯನ್ನೂ ಹೇಳಿದರು. ದೊಡ್ಡ ಚರ್ಚಿನ ಮುಂದೆ ನೂಕುನುಗ್ಗಲು, ಆದ್ದರಿಂದ ನಾಳಿದ್ದಿನಿಂದ ದಾರಿ ಬದಲು: ಚರ್ಚು ನೋಡಿ, ಆಮೆ ಕೇರಿಯೊಳಗಿಂದ ಹಾದು, ಸಾನ್ ಮಾರ್ಕೊ ಬೀದಿ ಇಳಿಯಬೇಕಂತೆ. "ಶಾಂತವಾದ ಸಿಯೆನಾ" ಎಂದು ಅದಕ್ಕೆ ಹೆಸರು. ಸಾನ್ ಮಾರ್ಕೊ ಎಂದರೆ ಬಸವನಹುಳುಗಳ ಹೊಟ್ಟೆ. ಮಗಳ ಮದುವೆಯ ದಿನ ಬಿಟ್ಟರೆ ಆ ಬೀದಿಗೆ ನಾನು ಹೋದವನಲ್ಲ. ಅವತ್ತೂ ಕಾರಿನಿಂದ ಕೆಳಗಿಳಿದಿರಲಿಲ್ಲ.

ಎದೆ ಹೊಡೆದುಕೊಂಡಾಗ ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೂ ಪರವಾಗಿಲ್ಲವಂತೆ. ಬರೆದೆ. ಇನ್ನೂ ಹೊಡೆದುಕೊಳ್ಳುತ್ತಿದೆ.

ಮೇ 13, ಬುಧವಾರ

ಛತ್ರಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೇ ನಡೆದೆ. ಡೆನ್ಮಾರ್ಕಿನ ಗಂಡ ಹೆಂಡತಿ ಕಳೆದುಹೋದರು. ಚೌಕದಲ್ಲಿ ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದರು ಪಾಪ, ಛತ್ರಿ ಕಾಣಿಸುತ್ತದೆ ಎಂದು ಕಾಯುತ್ತ.

"ನೇದೊ ಅವ್ರೇ, ಛತ್ರಿ ಬಿಚ್ಚಿ ಹಿಡೀರಿ. ಇಲ್ದಿದ್ರೆ ನಿಮಗೇನು ಕೆಲ್ಸ ಇಲ್ಲಿ?" ಎಂದರು ಜಿನೆವ್ರಾ ಮೇಡಂ. ಫ್ಲಾರೆನ್ಸಿನವರ ಬಾಯಲ್ಲಿ ನಯವಾದ ಮಾತೂ ಕಪಾಳಕ್ಕೆ ಹೊಡೆದ ಹಾಗೆ ಇರುತ್ತದೆ.

ಬಿಚ್ಚಿದೆ. ನಮ್ಮದೇ ಕೇರಿಯಲ್ಲಿ, ನಾನು ಹುಟ್ಟಿದ ಮನೆಯ ಕಿಟಕಿಯ ಕೆಳಗೆ, ಶತ್ರುವಿನ ಬಣ್ಣ ತಲೆ ಮೇಲೆ ಹಿಡಿದು ನಡೆದೆ. ಕೇರಿಯ ಬಾರಿನ ಬಾಗಿಲಲ್ಲಿ ಒತೆಲ್ಲೊ ನಿಂತಿದ್ದ. ಅವನೂ ನಾನೂ ಒಟ್ಟಿಗೆ ಶಾಲೆ ಬಿಟ್ಟವರು.

"ಏನೋ ನೇದೊ, ಕೊಂಬು ಯಾವಾಗ ಮೂಡಿತೋ?"

"ಕೆಲ್ಸ ಕಣೋ."

"ಯೇಸುವನ್ನ ಮಾರಿದ ಯೂದನೂ ಹಾಗೇ ಅಂದಿರ್ತಾನೆ ಬಿಡು."

ಮೇ 16, ಶನಿವಾರ

ಮಗಳು ಫೋಸ್ಕಾ ಮಗುವನ್ನು ಕರೆದುಕೊಂಡು ಬಂದಿದ್ದಳು. ಮೊಮ್ಮಗಳು ಒಲೀವಾಗೆ ಎರಡು ತಿಂಗಳು ಮುಗಿಯಿತು. ಚರ್ಚಿನ ದೀಕ್ಷಾಸ್ನಾನ ಆಗಿದೆ, ಅದು ದೇವರಿಗೆ. ಕೇರಿಯ ಕಾರಂಜಿಯಲ್ಲಿ ತಲೆಗೆ ನೀರು ಹಾಕಿಸುವುದು ಇನ್ನೂ ಆಗಿಲ್ಲ, ಅದು ಮುಖ್ಯ. ಅದಾದ ಮೇಲೆ ಮನುಷ್ಯ ಸಾಯುವವರೆಗೆ ಆ ಕೇರಿಯವನು. ಹೆಂಡತಿ ಬದಲಾಗಬಹುದು, ದೇಶ ಬದಲಾಗಬಹುದು, ಇದು ಬದಲಾಗುವುದಿಲ್ಲ.

ಅಳಿಯ ತುಲ್ಲಿಯೊ ಬಸವನಹುಳು. ಒಳ್ಳೆಯ ಹುಡುಗ, ಅದೊಂದು ಬಿಟ್ಟರೆ. ಮದುವೆಯಲ್ಲೇ ಮಾತಾಗಿತ್ತು: ಗಂಡು ಹುಟ್ಟಿದರೆ ಅಪ್ಪನ ಕೇರಿ, ಹೆಣ್ಣು ಹುಟ್ಟಿದರೆ ಅಮ್ಮನ ಕೇರಿ. ಹೆಣ್ಣೇ ಹುಟ್ಟಿತು. ನಾನು ನಿಶ್ಚಿಂತೆಯಿಂದ ಇರಬೇಕಿತ್ತು. ಆದರೆ ಇವತ್ತು ಫೋಸ್ಕಾ ಹಾಲುಣಿಸುತ್ತ ಅಂದಳು:

"ಅಪ್ಪಾ, ನಮಗೆ ಒಂದೇ ಮಗು ಸಾಕು ಅನ್ನಿಸ್ತಿದೆ."

"ಸರಿ, ಅದಕ್ಕೇನು?"

"ಅದಕ್ಕೇನು ಅಂದ್ರೆ, ಅವರ ಕಡೆಗೆ ಒಂದೂ ಸಿಗಲ್ವಲ್ಲ. ತುಲ್ಲಿಯೊ ಬಾಯ್ಬಿಟ್ಟು ಹೇಳಲ್ಲ. ಮುಖ ಗಂಟು ಹಾಕ್ಕೊಂಡು ಗೋಡೆ ನೋಡ್ತಾನೆ."

ನಮ್ಮ ಕಾರಂಜಿಯ ಹಬ್ಬ ಜೂನ್ ಹದಿನಾಲ್ಕಕ್ಕೆ. ಅವರದು ಇಪ್ಪತ್ತೆಂಟಕ್ಕೆ. ಹದಿನಾಲ್ಕು ತಪ್ಪಿದರೆ ಮಗು ಜಾರಿತು.

ಮಾತ್ರೆ. ಪೂರ್ತಿ.

ಮೇ 19, ಮಂಗಳವಾರ

ಸಾನ್ ಮಾರ್ಕೊ ಬೀದಿಯಲ್ಲಿ ಬೀಗಿತ್ತಿ.

ತುಲ್ಲಿಯೊನ ತಾಯಿ ಅದಾಲ್ಜೀಸಾ ತನ್ನ ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತ ಕೂತಿದ್ದಳು. ಗಂಡ ಸತ್ತ ಮೇಲೆ ಅವಳು ಆ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ, ಮೊಣಕಾಲು ನೋವು. ಬಾಯಿಗೆ ಯಾವ ನೋವೂ ಇಲ್ಲ.

"ಬನ್ನಿ ಬೀಗರೇ, ಬನ್ನಿ! ಛತ್ರಿ ನಿಮ್ಮ ಮೈಬಣ್ಣಕ್ಕೆ ಒಪ್ಪುತ್ತೆ."

ನಾನು ತಲೆ ತಗ್ಗಿಸಿ ನಡೆದೆ.

"ನಿಧಾನ, ನಿಧಾನ. ಆಮೆಗೆ ಅವಸರ ಒಳ್ಳೇದಲ್ಲ."

ಸುಮ್ಮನೆ ಹೋಗಬೇಕಿತ್ತು. "ಕುದುರೆ ಓಟ ಗೆಲ್ಲಿಸಲಿಲ್ಲ ಅಂತ ಸಂತನ ಮೂರ್ತಿಯನ್ನೇ ಬಾವಿಗೆ ಎಸೆದ ಜನ ನೀವು. ನಿಮ್ಮ ಹತ್ರ ಬುದ್ಧಿ ಕಲೀಬೇಕಾ?" ಅಂದುಬಿಟ್ಟೆ.

"ಎಸೆದ್ವಿ. ಆಮೇಲೆ ಎತ್ತಿ, ಒರೆಸಿ, ಇದ್ದ ಜಾಗದಲ್ಲೇ ಇಟ್ವಲ್ಲ! ನಿಮ್ಮವರಾಗಿದ್ರೆ ಬಾವಿಗೆ ಹಗ್ಗ ಬಿಡೋಕೆ ಮೂರು ಮೀಟಿಂಗ್ ಮಾಡ್ತಿದ್ರಿ."

ಗುಂಪಿನಲ್ಲಿದ್ದ ಒಬ್ಬ ಹೆಂಗಸು ಏನು ಗಲಾಟೆ ಎಂದು ಕೇಳಿದಳು. ಜಿನೆವ್ರಾ ಮೇಡಂ ವಿವರಿಸಿದರು: ಇವರು ಆಮೆ, ಅವರು ಬಸವನಹುಳು, ಇಬ್ಬರಿಗೂ ಆಗದು, ಪಾಲಿಯೊ ಎಂಬ ಕುದುರೆ ಓಟದಲ್ಲಿ ಒಬ್ಬರನ್ನೊಬ್ಬರು ಸೋಲಿಸುವುದಕ್ಕೇ ಬದುಕುತ್ತಾರೆ. ಆ ಹೆಂಗಸು ಸ್ವಲ್ಪ ಯೋಚಿಸಿ, "ಎರಡೂ ನಿಧಾನ, ಎರಡೂ ಮನೆ ಹೊತ್ತುಕೊಂಡು ಓಡಾಡುವ ಪ್ರಾಣಿ. ವ್ಯತ್ಯಾಸ ಏನು?" ಅಂದಳಂತೆ. ಮೇಡಂ ನಕ್ಕು ನಕ್ಕು ನಮ್ಮ ಭಾಷೆಯಲ್ಲಿ ಹೇಳಿದರು.

ನಾನೂ ಅದಾಲ್ಜೀಸಾಳೂ ಒಟ್ಟಿಗೇ ತಲೆ ಅಲ್ಲಾಡಿಸಿದೆವು. ಜೀವಮಾನದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ವಿಷಯ: ಆ ಹೆಂಗಸಿಗೆ ಏನೂ ತಿಳಿಯದು.

ಮೇ 22, ಶುಕ್ರವಾರ

ಒಂದು ಉಪಾಯ ಮಾಡಿದ್ದೇನೆ. ನೀಲಿ ಬಟ್ಟೆ ತಂದು, ಕೆಂಪು ಪಟ್ಟೆಗಳು ಮಾತ್ರ ಮುಚ್ಚುವ ಹಾಗೆ ಒಂದು ಗವಸು ಹೊಲಿದೆ. ಹಾಕಿದರೆ ಹಳದಿ, ನೀಲಿ. ಅಂದರೆ ಆಮೆ. ಆದರೆ ಆ ವೇಷದಲ್ಲಿ ಸಾನ್ ಮಾರ್ಕೊ ಬೀದಿಗೆ ಕಾಲಿಡುವುದು ಇನ್ನೂ ಅಪಾಯ, ಶತ್ರುವಿನ ಮನೆಗೆ ನಮ್ಮ ಬಾವುಟ ನುಗ್ಗಿಸಿದ ಹಾಗೆ. ಆದ್ದರಿಂದ ನಮ್ಮ ಕೇರಿ ಮುಗಿಯುವ ಮೂಲೆಯಲ್ಲಿ, ಗೋಡೆಯ ಮೇಲೆ ಗಡಿಯ ಗುರುತಿರುವ ಕಡೆ, ಗವಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಯಾರೂ ನೋಡದ ಹಾಗೆ.

ಬೆರಳಿಗೆ ಸೂಜಿ ಚುಚ್ಚಿಕೊಂಡಿತು. ನಂಜಾಗುತ್ತದೋ ಏನೋ.

ಮೇ 25, ಸೋಮವಾರ

ಎಲ್ಲರೂ ನೋಡಿದರು.

ಗಡಿ ಮೂಲೆಯಲ್ಲಿ ಅವಸರಕ್ಕೆ ಗವಸು ಛತ್ರಿಯ ಕಡ್ಡಿಗೆ ಸಿಕ್ಕಿಕೊಂಡಿತು. ಗುಂಪೆಲ್ಲ ತಿರುಗಿ ನಿಂತಿತು. ಜಗ್ಗಿ ಜಗ್ಗಿ ಕೊನೆಗೆ ಬಿಡಿಸಿದಾಗ, ಒಳಗಿಂದ ಕೆಂಪು ಹೊರಬಂದಾಗ, ಚಪ್ಪಾಳೆ! ಇದು ಈ ಊರಿನ ಯಾವುದೋ ಹಳೆಯ ವಿಧಿ ಎಂದುಕೊಂಡರು. ಜಪಾನಿನ ಮುದುಕರೊಬ್ಬರು ನನಗೆ ಬಗ್ಗಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಬೇರೆ ಏನು ಮಾಡಲಿ?

ಮೇ 29, ಶುಕ್ರವಾರ

ಮಿಲಾನಿನಿಂದ ಫೋನ್. ಕೆಲಸ ಹೋಯಿತು ಎಂದುಕೊಂಡೇ ಎತ್ತಿದೆ.

"ನೇದೊ, ಛತ್ರಿಗೆ ಬಟ್ಟೆ ಬದಲಾಯಿಸೋ ತಾತನನ್ನ ತಪ್ಪದೆ ನೋಡಿ ಅಂತ ಎಲ್ರೂ ಬರೀತಿದಾರೆ ರೀ. ಗಂಟೆಗೋಪುರಕ್ಕಿಂತ ನಿಮ್ಮ ಫೋಟೋ ಜಾಸ್ತಿ. ದಿನಾ ಮಾಡಿ. ಸ್ವಲ್ಪ ನಿಧಾನವಾಗಿ ಮಾಡಿ, ಫೋಟೋಗೆ ಟೈಮ್ ಸಿಗ್ಲಿ."

ಮರೆಮಾಚಲು ಹೊಲಿದದ್ದು. ಅದನ್ನು ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ಮರೆಮಾಚಬೇಕಂತೆ.

ಮೂಲೆಯಲ್ಲಿ ಈಗ ಎರಡೂ ಕೇರಿಯವರು ಬಂದು ನಿಲ್ಲುತ್ತಾರೆ. ಗವಸು ಕಿತ್ತಾಗ ಆ ಕಡೆಯವರು ಕೂಗುತ್ತಾರೆ, ಈ ಕಡೆಯವರು ಉಗಿಯುತ್ತಾರೆ. ಅದಾಲ್ಜೀಸಾ ತನ್ನ ಕುರ್ಚಿಯನ್ನು ಅಲ್ಲಿಗೇ ಹೊರಿಸಿಕೊಂಡು ಬಂದಿದ್ದಳು. ನನ್ನ ಬೆವರು ನೋಡಿ ಒಂದು ಲೋಟ ನೀರು ಕೊಟ್ಟಳು. "ಕುಡೀರಿ, ವಿಷ ಹಾಕಿಲ್ಲ. ವಿಷ ಓಟದ ದಿನಕ್ಕೆ ಇಟ್ಟಿದೀನಿ."

ಕುಡಿದೆ. ಬಾಯಾರಿಕೆ ಆಗಿತ್ತು.

ಮೇ 31, ಭಾನುವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ.

ಫೋಸ್ಕಾ ಮಗುವನ್ನು ನನ್ನ ಹತ್ತಿರ ಬಿಟ್ಟು ಅಂಗಡಿಗೆ ಹೋದಳು. ಹೋದದ್ದೇ ತಡ, ಒಲೀವಾ ಅಳಲು ಶುರು. ಈ ಮಗುವಿನ ಅಳು ಸಾಮಾನ್ಯದ್ದಲ್ಲ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ ಉಸಿರು ನಿಂತುಬಿಡುತ್ತದೆ, ಆಮೇಲೆ ಒಮ್ಮೆಲೇ ಹೊರಡುತ್ತದೆ. ಹಾಡಿದೆ, ಎತ್ತಿಕೊಂಡು ಕುಣಿದೆ, ಕಿಟಕಿಯಿಂದ ಗೋಪುರ ತೋರಿಸಿದೆ. ಏನೂ ಆಗಲಿಲ್ಲ. ಕೈಗೆ ಸಿಕ್ಕಿದ್ದು ಛತ್ರಿ. ಗವಸು ಹಾಕಿಯೇ ತಿರುಗಿಸಿದೆ. ಅಳು ಜಾಸ್ತಿಯಾಯಿತು. ಜಗ್ಗಾಟದಲ್ಲಿ ಗವಸು ಜಾರಿತು.

ಮಗು ಸುಮ್ಮನಾಯಿತು. ಕೆಂಪು ಹಳದಿ ತಿರುಗುತ್ತಿದ್ದ ಹಾಗೆ ಕಣ್ಣು ಅಗಲ ಮಾಡಿ ನೋಡಿ, ನಕ್ಕಿತು. ಹಲ್ಲಿಲ್ಲದ ಬಾಯಲ್ಲಿ, ಸದ್ದು ಮಾಡಿ. ಹುಟ್ಟಿದ ಮೇಲೆ ಮೊದಲ ನಗು.

ಗವಸು ಹಾಕಿ ನೋಡಿದೆ: ಅಳು. ತೆಗೆದೆ: ನಗು. ಮತ್ತೆ ಹಾಕಿದೆ. ಇನ್ನೂ ಎಷ್ಟು ಸಲ ನೋಡಿದೆನೋ. ಪಾಪದ ಕೂಸಿನ ಮೇಲೆ ಹೀಗೆ ಪರೀಕ್ಷೆ ಮಾಡಿದ್ದಕ್ಕೆ ದೇವರು ಕ್ಷಮಿಸಲಿ.

ಫೋಸ್ಕಾ ಬಂದಾಗ ಛತ್ರಿ ಕಪಾಟಿನಲ್ಲಿತ್ತು. "ಅತ್ತಳಾ ಅಪ್ಪಾ?" ಅಂದಳು. "ಒಂಚೂರು" ಅಂದೆ.

ಜೂನ್ 6, ಶನಿವಾರ

ಫೋಸ್ಕಾ ತೀರ್ಮಾನ ಹೇಳಿದಳು: ಹದಿನಾಲ್ಕಕ್ಕೆ, ನಮ್ಮ ಕಾರಂಜಿಯಲ್ಲೇ. "ಆಡಿದ ಮಾತು ಆಡಿದ್ದೇ" ಅಂದನಂತೆ ತುಲ್ಲಿಯೊ. ಹೇಳಿ, ಗೋಡೆ ನೋಡಿದನಂತೆ.

ನನಗೆ ಸಂತೋಷದಿಂದ ಹಾರಾಡಬೇಕು ಅನ್ನಿಸಬೇಕಿತ್ತು. ಅಲ್ಲಿಗೆ ಮುಗಿಯಲಿಲ್ಲವಲ್ಲ ಎಂದು ಚಿಂತೆ. ಇನ್ನೂ ಎಂಟು ದಿನ ಆ ಮಗು ತುಲ್ಲಿಯೊನ ಮುಂದೆ ಯಾವುದೇ ಕೆಂಪು ಹಳದಿ ವಸ್ತು ನೋಡಿ ನಗದೆ ಇರಬೇಕು. ಅವನ ಮನೆ ತುಂಬ ಅದೇ ಬಣ್ಣ. ಇಷ್ಟು ದಿನ ಹೇಗೆ ನಗಲಿಲ್ಲವೋ. ತಿರುಗದಿದ್ದರೆ ನಗುವುದಿಲ್ಲವೇನೋ. ಅವನ ಮನೆಯ ಫ್ಯಾನಿನ ಬಣ್ಣ ಯಾವುದು ಎಂದು ಕೇಳಿದೆ. ಫೋಸ್ಕಾ ನನ್ನನ್ನೇ ದಿಟ್ಟಿಸಿ, "ಡಾಕ್ಟರ ಹತ್ರ ಯಾವಾಗ ಹೋಗ್ತೀಯಾ ಅಪ್ಪಾ?" ಅಂದಳು.

ಜೂನ್ 10, ಬುಧವಾರ

ಇವತ್ತು ಬೀಗಿತ್ತಿ ಮೂಲೆಗೆ ಬಂದಿರಲಿಲ್ಲ. ಗವಸು ತೆಗೆಯುವಾಗ ಯಾಕೋ ಕೈ ಓಡಲಿಲ್ಲ, ಚಪ್ಪಾಳೆಯೂ ಸಪ್ಪೆ. ಬೀದಿ ಇಳಿದಾಗ ತನ್ನ ಬಾಗಿಲಲ್ಲೇ ಕೂತಿದ್ದಳು, ಮಡಿಲಲ್ಲಿ ಕಾಳೂ ಇಲ್ಲ, ಏನೂ ಇಲ್ಲ.

"ಗೆದ್ರಿ ಬೀಗರೇ" ಅಂದಳು.

ಏನಾದರೂ ಚುಚ್ಚುವ ಮಾತು ಸೇರಿಸುತ್ತಾಳೆ ಎಂದು ಕಾದೆ. ಸೇರಿಸಲಿಲ್ಲ. ಗುಂಪು ಮುಂದೆ ಹೋಗಿಬಿಟ್ಟಿತ್ತು, ನಾನು ಓಡಬೇಕಾಯಿತು. ಬಾಲ ತಲೆಯನ್ನು ಕಳೆದುಕೊಂಡ ಮೊದಲ ದಿನ ಇದು.

ಜೂನ್ 14, ಭಾನುವಾರ

ನೀರು ಬಿತ್ತು. ಅದನ್ನು ಮೊದಲು ಬರೆಯುತ್ತೇನೆ. ಒಲೀವಾ ಈಗ ಆಮೆ.

ಮಿಕ್ಕದ್ದು ಹೇಗೆ ಬರೆಯಲಿ?

ಬೆಳಿಗ್ಗೆ ಪ್ರವಾಸ ಇತ್ತು. ಮುಗಿಸಿ ನೇರ ಕಾರಂಜಿಗೆ ಬಂದೆ, ಛತ್ರಿ ಕೈಯಲ್ಲೇ ಇತ್ತು, ಗವಸನ್ನು ಮತ್ತೆ ಹಾಕಿದ್ದೆ. ಬಾವುಟಗಳು, ತಮಟೆ, ಕೇರಿಯೆಲ್ಲ ಹಳದಿ ನೀಲಿ. ದೊಡ್ಡವರೂ ಸೇರಿ ನೀರು ಹಾಕಿಸಿಕೊಳ್ಳುವವರ ಸಾಲು ಉದ್ದವಿತ್ತು, ನಮ್ಮದು ಕೊನೆಯ ಕಡೆ. ತುಲ್ಲಿಯೊ ದೂರದ ಗೋಡೆಗೆ ಒರಗಿ ನಿಂತಿದ್ದ, ಕೊರಳಲ್ಲಿ ಯಾವ ಬಣ್ಣದ ವಸ್ತ್ರವೂ ಇಲ್ಲದೆ, ಮರ್ಯಾದೆಯಿಂದ. ಬಿಸಿಲಿಗೋ ತಮಟೆಗೋ ಒಲೀವಾ ಶುರುಮಾಡಿದಳು.

ಬದನೆಕಾಯಿ ಬಣ್ಣ. ಉಸಿರು ನಿಂತಿತು. ಹೊರಡಲಿಲ್ಲ. ಫೋಸ್ಕಾ ಬೆನ್ನು ತಟ್ಟಿದಳು. ಯಾರೋ ನೀರು ಎಂದರು, ಯಾರೋ ಗಾಳಿ ಎಂದರು. ಒತೆಲ್ಲೊನ ಹೆಂಡತಿ ಕೇರಿಯ ಬಾವುಟ ಬೀಸಿದಳು, ಹಳದಿ ನೀಲಿ; ಮುಖದ ಬಣ್ಣ ಇನ್ನೂ ಗಾಢವಾಯಿತು. ತುಟಿ ಕಪ್ಪಗಾಗುತ್ತಿತ್ತು. ನಾನು ಏನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಇಲ್ಲಿ ಬರೆಯುವುದಾದರೆ, ಗೊತ್ತಿತ್ತು.

ಗವಸು ಕಿತ್ತೆ. ಆಮೆ ಕೇರಿಯ ಕಾರಂಜಿಯ ಮುಂದೆ, ಹಬ್ಬದ ದಿನ, ಕೇರಿಯ ಯಜಮಾನರ ಕಣ್ಣೆದುರೇ, ಬಸವನಹುಳುವಿನ ಬಣ್ಣ ಬಿಚ್ಚಿ ಗರಗರ ತಿರುಗಿಸಿದೆ.

ತಮಟೆ ನಿಂತಿತು. ಆ ಮೌನದಲ್ಲಿ ಒಲೀವಾ ನಕ್ಕಳು. ಕೇಕೆ ಹಾಕಿ ನಕ್ಕಳು. ದೂರದ ಗೋಡೆಯಿಂದ ತುಲ್ಲಿಯೊ ಕೂಗಿದ, "ನಕ್ಕಳು! ನೋಡಿದ್ರಾ? ನಕ್ಕಳು!"

"ಬೇಗ!" ಎಂದು ಕೂಗಿದ ಒತೆಲ್ಲೊ. "ಇನ್ನೊಂದ್ಸಲ ನಗೋಕೆ ಮುಂಚೆ ನೀರು ಹಾಕ್ರೋ!"

ಯಜಮಾನರು ಸಾಲು ಬಿಟ್ಟು ಓಡಿಬಂದು, ಹೇಳಬೇಕಾದ ಮಾತುಗಳನ್ನು ಒಂದೇ ಉಸಿರಿನಲ್ಲಿ ನುಂಗಿ, ಮಗುವಿನ ತಲೆ ಮೇಲೆ ಸುರಿದರು. ಅರ್ಧ ಫೋಸ್ಕಾಳ ಮೇಲೆ ಬಿತ್ತು. ಕೊರಳಿಗೆ ನಮ್ಮ ವಸ್ತ್ರ ಕಟ್ಟಿದರು. ಮಗು ಅದ್ಯಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ ಛತ್ರಿಯನ್ನೇ ನೋಡಿ ನಗುತ್ತಿತ್ತು. ಒತೆಲ್ಲೊ ಅದನ್ನು ನನ್ನ ಕೈಯಿಂದ ಕಿತ್ತು ಕಲ್ಲಿಗೆ ಅಪ್ಪಳಿಸಿದ. ಎರಡು ಕಡ್ಡಿ ಮುರಿದವು, ಬಟ್ಟೆ ಹರಿಯಿತು.

"ಕಂಪನಿಯದು ಕಣೋ" ಅಂದೆ. ಅಷ್ಟೇ ಬಾಯಿಗೆ ಬಂತು.

ಜೂನ್ 15, ಸೋಮವಾರ

ಬಾರಿಗೆ ಹೋದೆ. ನನ್ನ ಕುರ್ಚಿಯ ಮೇಲೆ ಒಂದು ಕೋಟು ಇತ್ತು. ಯಾರದು ಎಂದೆ.

"ಕುರ್ಚಿಯದು" ಅಂದ ಒತೆಲ್ಲೊ.

ಜೂನ್ 17, ಬುಧವಾರ

ಮುರಿದ ಛತ್ರಿ ಎತ್ತಿ ಹಿಡಿದು ಸಾನ್ ಮಾರ್ಕೊ ಬೀದಿ ಇಳಿದೆ. ಮೂಲೆಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಬೀದಿಯಲ್ಲಿ ಎಲ್ಲರೂ ಇದ್ದರು. ಕಿಟಕಿಗಳಿಂದ ಚಪ್ಪಾಳೆ. ಬೇಕರಿಯವನು ಹೊರಗೆ ಬಂದು ಕೈ ಕುಲುಕಿದ. "ಶತ್ರುವಿನ ಕೋಟೆಯೊಳಗೆ ನಮ್ಮ ಬಾವುಟ ಹಾರಿಸಿದ ಗಂಡು!" ಅಂದ. ಇಲ್ಲಪ್ಪ, ಮಗು ಅಳುತ್ತಿತ್ತು, ಅಷ್ಟೇ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಜಿನೆವ್ರಾ ಮೇಡಂ ಇದನ್ನೂ ಗುಂಪಿಗೆ ವಿವರಿಸಿಬಿಟ್ಟರು.

ಬೀಗಿತ್ತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ಎಷ್ಟು ಹೊತ್ತು ಉಸಿರು ನಿಂತಿತ್ತು?"

"ತುಂಬಾ ಹೊತ್ತು."

"ಅವಳಪ್ಪನೂ ಚಿಕ್ಕವನಿದ್ದಾಗ ಹಾಗೇ ಮಾಡ್ತಿದ್ದ. ಮೂರು ವರ್ಷ ನನ್ನ ಪ್ರಾಣ ತಿಂದ." ಕೈ ಚಾಚಿದಳು. "ಕೊಡಿ ಅದನ್ನ. ಹರಿದ ಛತ್ರಿ ಹಿಡ್ಕೊಂಡು ತಿರುಗಿದ್ರೆ ನಮ್ಮ ಬಣ್ಣಕ್ಕೆ ಅವಮಾನ."

ಹೊಲಿಯಲು ಬಿಟ್ಟು ಬಂದೆ. ಕೈ ಖಾಲಿ ಖಾಲಿ ಅನ್ನಿಸಿತು. ಇಬ್ಬರು ಜರ್ಮನರು ಕಳೆದುಹೋದರು, ಅಷ್ಟೇನೂ ಗಾಬರಿಯಾಗಲಿಲ್ಲ. ಸಿಕ್ಕರು.

ಜೂನ್ 23, ಮಂಗಳವಾರ

ಛತ್ರಿ ಸಿದ್ಧವಾಗಿಲ್ಲವಂತೆ. ದಿನಾ ಕೇಳಲು ಹೋಗುತ್ತಿದ್ದೇನೆ, ಕಂಪನಿಯ ವಸ್ತು, ಕೇಳದಿದ್ದರೆ ಹೇಗೆ. ಅಲ್ಲಿಯವರೆಗೆ ಒಂದು ಕೋಲಿಗೆ ಕರವಸ್ತ್ರ ಕಟ್ಟಿಕೊಂಡು ನಡೆಯುತ್ತೇನೆ. ಬಿಳಿಯದು.

ಅವಳ ಅಡುಗೆಮನೆಯ ಕಿಟಕಿಯ ಬಾಗಿಲು ಕಚ್ಚಿಕೊಂಡಿತ್ತು, ಸರಿ ಮಾಡಿಕೊಟ್ಟೆ. ಬಟಾಣಿ ಬಿಡಿಸುವುದನ್ನು ನಾನು ತಪ್ಪಾಗಿ ಮಾಡುತ್ತೇನಂತೆ. ಆಮೆಗಳು ಹೀಗೇ ಬಿಡಿಸುವುದು ಅಂದೆ. "ಅದಕ್ಕೇ ಹಸಿದುಕೊಂಡಿರ್ತೀರಿ" ಅಂದಳು.

ಜೂನ್ 28, ಭಾನುವಾರ

ಇವತ್ತು ಅವರ ಹಬ್ಬ. ಬೀದಿಗೆ ಬೀದಿಯೇ ಮೇಜು ಹಾಕಿ ಊಟ. ನಾನು ಛತ್ರಿ ತರಲು ಮಾತ್ರ ಹೋದದ್ದು. ಕಡ್ಡಿಗೆ ಹಚ್ಚಿದ ಅಂಟು ಒಣಗಿರಲಿಲ್ಲ. ಒಣಗುವವರೆಗೆ ನಿಂತೇ ಇರುವುದು ಚೆನ್ನಾಗಿರುವುದಿಲ್ಲ ಎಂದು ಕೂತೆ. ಕೂತ ಮೇಲೆ ತಟ್ಟೆ ಇಟ್ಟರು. ಇಟ್ಟ ಮೇಲೆ ಬಿಡುವುದು ಅವಮಾನ.

ಅವರ ಕಾರಂಜಿಯಲ್ಲಿ ಹನ್ನೊಂದು ಮಕ್ಕಳಿಗೆ ನೀರು ಹಾಕಿದರು. ಒಂದೂ ಅಳಲಿಲ್ಲ. ತುಲ್ಲಿಯೊ ನೋಡುತ್ತ ನಿಂತಿದ್ದ. ನಾನು ಹೋಗಿ ಅವನ ಪಕ್ಕ ನಿಂತೆ. ಏನು ಹೇಳಬೇಕೋ ತಿಳಿಯದೆ, "ನಿಮ್ಮ ಮನೆ ಫ್ಯಾನು ಯಾವ ಬಣ್ಣ?" ಅಂದೆ.

"ಬಿಳಿ. ಯಾಕೆ ಮಾವ?"

"ಪಟ್ಟೆ ಬಳಿ. ಕೆಂಪು, ಹಳದಿ. ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡ."

ಅವನು ನನ್ನ ಹೆಗಲಿಗೆ ತಲೆ ಒರಗಿಸಿ ಅತ್ತುಬಿಟ್ಟ. ಸ್ವಲ್ಪ ಕುಡಿದಿದ್ದ ಅಂತ ಕಾಣುತ್ತದೆ. ನನ್ನ ಅಂಗಿ ಒದ್ದೆಯಾಯಿತು, ಶೀತವಾಗಬಹುದಿತ್ತು. ಆಗಲಿಲ್ಲ.

ಜೂನ್ 29, ಸೋಮವಾರ

ಓಟದ ನಾಲ್ಕು ದಿನ ಶುರು. ಎರಡೂ ಕೇರಿ ಈ ಸಲ ಓಡುತ್ತಿವೆ. ಪದ್ಧತಿಯಂತೆ ಫೋಸ್ಕಾ ಓಟ ಮುಗಿಯುವವರೆಗೆ ಗಂಡನನ್ನು ಬಿಟ್ಟು, ಮಗುವಿನೊಂದಿಗೆ ತವರಿಗೆ, ಅಂದರೆ ನನ್ನ ಮನೆಗೆ ಬಂದಿದ್ದಾಳೆ. ಪ್ರವಾಸ ಬಂದ್. ಗಡಿ ದಾಟುವ ಹಾಗಿಲ್ಲ.

ಬೀಗಿತ್ತಿ ಹೊಲಿಗೆಯನ್ನು ಎಷ್ಟು ಸಣ್ಣದಾಗಿ ಹಾಕಿದ್ದಾಳೆ ಎಂದರೆ ಎಲ್ಲಿ ಹರಿದಿತ್ತೆಂದೇ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತು ಹುಡುಕಿದೆ.

ಜುಲೈ 1, ಬುಧವಾರ

ಮೆಟ್ಟಿಲಿಳಿದು ನೀರು ಹಿಡಿಯಲು ಅವಳಿಗೆ ಯಾರಿದ್ದಾರೋ. ಮೊಣಕಾಲು.

ಜುಲೈ 2, ಗುರುವಾರ

ಚೌಕದ ನೂಕಾಟ ನನ್ನ ಎದೆಗೆ ಆಗದು. ಕೇರಿಯ ಬಾರಿನ ದೊಡ್ಡ ಟೀವಿಯ ಮುಂದೆ ನನಗೆ ಕುರ್ಚಿ ಇಲ್ಲ. ಮನೆಯಲ್ಲೇ ನೋಡಿದ್ದು. ಫೋಸ್ಕಾ ಪಕ್ಕದಲ್ಲಿ, ಒಲೀವಾ ಕೊರಳಿಗೆ ಹಳದಿ ನೀಲಿ ವಸ್ತ್ರ ಕಟ್ಟಿಕೊಂಡು ನಿದ್ದೆಯಲ್ಲಿ.

ಮೊದಲ ಸುತ್ತಿನ ಇಳಿಜಾರಿನ ತಿರುವಿನಲ್ಲಿ ಬಸವನಹುಳುವಿನ ಸವಾರ ಬಿದ್ದ. ನಮ್ಮ ಕೇರಿಯ ಎಲ್ಲ ಕಿಟಕಿಗಳಿಂದಲೂ ಒಟ್ಟಿಗೇ ಕೇಕೆ, ಸೀಟಿ, ಪಾತ್ರೆ ಬಡಿಯುವ ಸದ್ದು. ಹುಟ್ಟಿದಾಗಿನಿಂದ ಕಾದುಕೊಂಡೇ ಇರುವ ಸುಖ ಅದು, ನಾವು ಗೆಲ್ಲುವುದಕ್ಕಿಂತ ದೊಡ್ಡದು.

"ಅಯ್ಯೋ ದೇವರೇ!" ಎಂದಿತು ಯಾರದೋ ದನಿ.

ಫೋಸ್ಕಾ ಟೀವಿ ಬಿಟ್ಟು ನನ್ನನ್ನೇ ನೋಡಿದಳು. "ಅಪ್ಪಾ, ಈಗ ಏನಂದೆ?"

"ಕುದುರೆಗೆ ಅಂದೆ. ಪಾಪ, ಮೂಕಪ್ರಾಣಿ."

"ಕುದುರೆ ಓಡ್ತಾನೇ ಇದೆ. ಬಿದ್ದಿದ್ದು ಸವಾರ."

"ಸವಾರನೂ ಯಾರದೋ ಮಗ ತಾನೇ."

ಮೂರನೆಯ ಸುತ್ತಿನ ಕೊನೆಗೆ ನಮ್ಮ ಕುದುರೆಯನ್ನು ಮೂಗಿನಷ್ಟು ಅಂತರದಲ್ಲಿ ಬೇರೆ ಕೇರಿಯದು ಹಿಂದೆ ಹಾಕಿತು. ನಾವು ಎರಡನೆಯವರು. ಈ ಊರಿನಲ್ಲಿ ಎರಡನೆಯದಾಗಿ ಬರುವುದೆಂದರೆ, ಸೋತವರಲ್ಲೆಲ್ಲ ಹೆಚ್ಚು ಸೋತವರಾಗುವುದು. ಪಾತ್ರೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಎದುರು ಕಿಟಕಿಯಲ್ಲಿ ಒತೆಲ್ಲೊ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಫೋಸ್ಕಾಳೂ ಅತ್ತಳು. ನಾನೂ ಅಳಬೇಕಿತ್ತು, ಅಳಲು ಕೂತೆ. ಆದರೆ ಬೇರೆ ಏನೋ ನೆನಪಾಗುತ್ತಿತ್ತು. ಸವಾರ ಬಿದ್ದ ವರ್ಷ ಬೀಗಿತ್ತಿ ಕಿಟಕಿ ಬಾಗಿಲೆಲ್ಲ ಹಾಕಿಕೊಂಡು ಕತ್ತಲಲ್ಲಿ ಒಬ್ಬಳೇ ಕೂರುತ್ತಾಳೆ ಎಂದು ತುಲ್ಲಿಯೊ ಒಮ್ಮೆ ಹೇಳಿದ್ದ. ಆ ಅಡುಗೆಮನೆಯ ಕಿಟಕಿ ಮತ್ತೆ ಕಚ್ಚಿಕೊಂಡರೆ ತೆಗೆಯುವವರು ಯಾರು? ನಾನು ರಿಪೇರಿ ಮಾಡಿದ್ದು. ನನ್ನ ಜವಾಬ್ದಾರಿ.

ಹೋಗಿ ನೋಡಿಕೊಂಡು ಬಂದುಬಿಡುತ್ತೇನೆ. ಗಡಿ ದಾಟಬಾರದು ಎಂಬುದು ಓಟ ಮುಗಿಯುವವರೆಗೆ. ಓಟ ಮುಗಿಯಿತಲ್ಲ.

ಮಳೆ ಬಂದರೂ ಬರಬಹುದು ಎಂದು ಛತ್ರಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದೇನೆ. ನೀಲಿ ಗವಸು ಎಲ್ಲಿ ಸೇರಿಕೊಂಡಿದೆಯೋ, ಹುಡುಕುತ್ತ ಕೂತರೆ ಹೊತ್ತಾಗುತ್ತದೆ. ಫೋಸ್ಕಾ ಕಣ್ಣೊರೆಸಿಕೊಂಡು ಕಿಟಕಿಯಿಂದ ಮೇಲೆ ನೋಡಿ, "ಒಂದು ಮೋಡಾನೂ ಇಲ್ವಲ್ಲ ಅಪ್ಪಾ" ಅಂದಳು.

ಅವಳಿಗೇನು ಗೊತ್ತು. ಮಳೆ ಹೇಳಿ ಬರುತ್ತದೆಯೇ?